ಬರಿತಲೆಯ ನೆರಳು

ನಮ್ಮೂರಿನಲ್ಲಿ ಮದುವೆಯ ಮುಹೂರ್ತಗಳೆಲ್ಲ ಮಟಮಟ ಮಧ್ಯಾಹ್ನಕ್ಕೇ ಬರುತ್ತವೆ. ಜೋಯಿಸರು ಪಂಚಾಂಗ ಬಿಚ್ಚಿ ಏನೇನೋ ಗುಣಿಸಿದ ಹಾಗೆ ಮಾಡುತ್ತಾರೆ, ಕೊನೆಗೆ ಹೇಳೋದು ಅದೇ ಹೊತ್ತು. ಆಗ ನೆರಳು ಕಾಲಡಿಗೆ ಮುದುರಿಕೊಂಡಿರುತ್ತೆ, ಯಾರ ತಲೆ ಮೇಲೆ ಏನಿದೆ ಅಂತ ಕಾಣೋದಿಲ್ಲ, ಬಂದವರೂ ಕರೆದವರೂ ನೆಮ್ಮದಿಯಾಗಿ ಪಾಯಸ ಸುರಿದುಕೊಳ್ಳಬಹುದು. ಹೆಣ್ಣು ನೋಡೋ ಶಾಸ್ತ್ರ ಮಾತ್ರ ಇಳಿಬಿಸಿಲಿಗೆ, ಅದೂ ಪಡುವಣಕ್ಕೆ ಮುಖ ಮಾಡಿದ ಬಿಳಿ ಗೋಡೆಯ ಮುಂದೆ. ಹೆತ್ತವಳು ಬಸುರಿಯಾಗಿದ್ದಾಗ ತಲೆ ಮೇಲೆ ಏನು ಹೊತ್ತಿದ್ದಳೋ ಅದು ಮಗುವಿನ ನೆರಳಿನ ತಲೆ ಮೇಲೆ ಕೂತುಬಿಡುತ್ತೆ, ಸಾಯೋ ತನಕ ಇಳಿಯೋದಿಲ್ಲ. ಆಚೆ ಊರುಗಳಲ್ಲಿ ನೆರಳು ಬರೀ ನೆರಳಂತೆ. ಇರಬಹುದು, ನಾನು ಹೋಗಿ ನೋಡಿಲ್ಲ.

ನನ್ನದು ಕೊಡೆ ಅಂಗಡಿ. ಕೊಡೆ ತಾಯಕ್ಕ ಅಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಮಳೆಗಾಲದಲ್ಲಿ ನನಗೆ ವ್ಯಾಪಾರ ಅಷ್ಟಕ್ಕಷ್ಟೇ, ಬಿಸಿಲು ಬಿತ್ತು ಅಂದರೆ ಕೈಗೆ ಬಿಡುವಿಲ್ಲ. ಕೊಡೆಯ ದುಂಡು ನೆರಳಿನೊಳಗೆ ತಲೆ ಮೇಲಿನದೆಲ್ಲ ಮುಚ್ಚಿಹೋಗುತ್ತೆ ನೋಡಿ. ಎಷ್ಟಗಲದ ಕೊಡೆ ಬೇಕು, ಯಾಕೆ ಬೇಕು ಅಂತ ಬಂದವರು ಬಾಯಿಬಿಟ್ಟು ಹೇಳೋದಿಲ್ಲ, ನಾನೂ ಕೇಳೋದಿಲ್ಲ. ನನ್ನ ನೆರಳಿನ ತಲೆ ಮೇಲೆ ಸೌದೆ ಹೊರೆ ಇದೆ, ಅದರಲ್ಲೊಂದು ಕಟ್ಟಿಗೆ ಸೊಟ್ಟಗೆ ಪಕ್ಕಕ್ಕೆ ಚಾಚಿಕೊಂಡಿದೆ. ಅದನ್ನು ಮುಚ್ಚೋ ಗೋಜಿಗೆ ನಾನು ಹೋಗಿಲ್ಲ. ಮುಚ್ಚಿಕೊಂಡು ಹೋಗಬೇಕಾದ ಜಾಗ ನನಗೆ ಯಾವುದಿತ್ತು.

ಬಿಸಿಲುಬೀದಿಯವರದು ಬರಿತಲೆ. ಅವರ ಅಮ್ಮಂದಿರು, ಅಜ್ಜಿಯರು ಹೂವು ಬಿಟ್ಟು ತಲೆ ಮೇಲೆ ಇನ್ನೇನೂ ಇಟ್ಟವರಲ್ಲ. ಆ ಬೀದಿಯಲ್ಲಿ ಒಂದು ಮರ ಇಲ್ಲ, ಒಂದು ಚಪ್ಪರ ಇಲ್ಲ. ಸಂಜೆ ಗಂಡಸರು ಬೇಕಂತಲೇ ಗೋಡೆ ಪಕ್ಕ ಹಿಡಿದು ಹೆಜ್ಜೆ ಹಾಕುತ್ತಾರೆ. ಊರಿನ ಆ ತುದಿಗೆ ಗೂಡುಬೀದಿ, ಇಟ್ಟಿಗೆ ಸುಡುವವರದು. ಅಲ್ಲಿ ಎಲ್ಲರ ನೆರಳಿಗೂ ಬುಟ್ಟಿ. ಎಲ್ಲರಿಗೂ ಇದ್ದಮೇಲೆ ಯಾರು ಯಾರನ್ನು ನೋಡಿ ನಗಬೇಕು. ಮಧ್ಯದಲ್ಲಿ ಹೊಂಗೆಬೀದಿ. ಗೂಡುಬೀದಿಯಿಂದ ಓದಿ, ಕೆಲಸ ಹಿಡಿದು, ಹತ್ತಿ ಬಂದವರು ಸಾಲಾಗಿ ಹೊಂಗೆ ಮರ ನೆಟ್ಟುಕೊಂಡು ಅದರಡಿ ಸಂಸಾರ ಮಾಡುತ್ತಾರೆ. ನೆರಳಿಗೆ ಬಿಂದಿಗೆ ಇರುವವರೂ ಅಲ್ಲಿದ್ದಾರೆ. ಅವರು ಮಾತು ಶುರು ಮಾಡೋದೇ ‘ನಮ್ಮದು ಸ್ವಂತ ಮನೆಯ ನೀರು, ಕೂಲಿ ನೀರಲ್ಲ’ ಅಂತ. ನೆರಳು ನೋಡಿ ಅದನ್ನು ಹೇಳೋಕಾಗೋದಿಲ್ಲ, ಹಾಗಾಗಿ ಆ ಜಗಳ ಇನ್ನೂ ಮುಗಿದಿಲ್ಲ.

ವಕೀಲ ಮಾಧವಮೂರ್ತಿಗಳ ಮನೆ ಹೊಂಗೆಬೀದಿಯಲ್ಲಿ. ಹುಟ್ಟಿದ್ದು ಗೂಡುಬೀದಿಯಲ್ಲಿ, ಅಮ್ಮ ಇಟ್ಟ ಹೆಸರು ಮಾದಪ್ಪ, ಮಾಧವಮೂರ್ತಿ ಆದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. ಒಳ್ಳೆಯ ವಕೀಲರು, ಗಟ್ಟಿ ಗಂಟಲು, ಕೋರ್ಟಿನೊಳಗೆ ಅವರನ್ನು ಮಾತಲ್ಲಿ ಹಿಡಿಯೋರಿಲ್ಲ. ಹೊರಗೆ ಬಂದರೆ ಮಾತ್ರ ಮನುಷ್ಯ ಅರ್ಧ ಆಗಿಬಿಡೋರು. ಅವರ ನೆರಳಿನ ತಲೆ ಮೇಲೆ ಇಟ್ಟಿಗೆ ಬುಟ್ಟಿ, ಅದೂ ಅಂಚು ಮೀರಿ ಪೇರಿಸಿದ್ದು. ನನಗೆ ಗೊತ್ತಿರದೆ ಏನು, ಅವರ ಕೊಡೆ ಕಟ್ಟಿಕೊಟ್ಟವಳೇ ನಾನು; ಅಷ್ಟಗಲದ ಕೊಡೆ ಊರಲ್ಲಿ ಇನ್ನೊಂದಿಲ್ಲ.

ಅವರ ತಾಯಿ ದ್ಯಾವಮ್ಮ ಅದೇ ಮನೆಯ ಹಿತ್ತಲ ಕೋಣೆಯಲ್ಲಿದ್ದರು. ಇದ್ದರು ಅಂದರೆ, ಇಟ್ಟಿದ್ದರು. ಗೂಡಿನ ಕೆಲಸ ಬಿಡಿಸಿ ಕರೆತಂದವರು ಮಗನೇ, ಊಟ ಬಟ್ಟೆ ಔಷಧಿಗೆ ಯಾವತ್ತೂ ಕಡಿಮೆ ಮಾಡಿದವರಲ್ಲ, ಅದನ್ನು ಹೇಳಲೇಬೇಕು. ಆದರೆ ಮುಂದಿನ ಅಂಗಳಕ್ಕೆ ಬರಬಾರದು, ಬೀದಿಗೆ ಇಳಿಯಬಾರದು. ‘ಬಿಸಿಲಿಗೆ ಬರಬೇಡಮ್ಮ, ತಲೆ ಸುತ್ತುತ್ತೆ’ ಅಂತ ಮಗ ಹೇಳಿದ್ದರು. ಯಾರ ತಲೆ ಸುತ್ತುತ್ತೆ ಅಂತ ದ್ಯಾವಮ್ಮನಿಗೂ ಗೊತ್ತು, ಸೊಸೆ ಪದ್ಮಾಕ್ಷಿಗೂ ಗೊತ್ತು. ಗೂಡುಬೀದಿಯ ಹೆಂಗಸು, ಇಟ್ಟಿಗೆ ಹೊತ್ತೇ ಮುದುಕಿಯಾದವಳು, ಅವಳ ಅಮ್ಮನೂ ಅದೇ ಗೂಡಿನವಳು. ಅವಳ ನೆರಳಿನ ಮೇಲೆ ಏನಿರುತ್ತೆ ಅಂತ ಬೇರೆ ನೋಡಬೇಕಿತ್ತಾ? ಮಗ ನೋಡಿರಲೂ ಇಲ್ಲ. ಅವರು ಚಿಕ್ಕವರಿದ್ದಾಗ ಅಮ್ಮ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋಳು. ಹಗಲಲ್ಲಿ ಕಂಡರೆ ತಲೆ ಮೇಲೆ ನಿಜವಾದ ಬುಟ್ಟಿ. ಖಾಲಿ ಬುಟ್ಟಿಯನ್ನು ಕೂಡ ಕೈಯಲ್ಲಿ ಹಿಡಿಯೋ ಅಭ್ಯಾಸ ಆಕೆಗಿರಲಿಲ್ಲ, ತಲೆ ಮೇಲೆ ಬೋರಲು ಹಾಕಿಕೊಂಡೇ ನಡೆಯೋಳು. ಅಂಥವಳ ನೆರಳಲ್ಲಿ ಬುಟ್ಟಿ ಕಂಡರೆ ಯಾರು ತಾನೆ ಬಿಡಿಸಿ ನೋಡುತ್ತಾರೆ.

ಮಗಳು ನಿರುಪಮಾ ಮಾತ್ರ ಬರಿತಲೆ. ಪದ್ಮಾಕ್ಷಿ ಬಸುರಿ ಅಂತ ಗೊತ್ತಾದ ದಿನದಿಂದ ವಕೀಲರು ಹೆಂಡತಿಗೆ ಒಂದು ತಂಬಿಗೆ ಎತ್ತೋಕೂ ಬಿಡಲಿಲ್ಲ. ತಲೆಗೆ ಎಣ್ಣೆ ಜಾಸ್ತಿ ಹಾಕಬೇಡ, ಭಾರ ಆದೀತು ಅಂತಿದ್ದರಂತೆ, ಪದ್ಮಾಕ್ಷಿಯೇ ನಗುತ್ತಾ ಹೇಳಿದ್ದಳು. ಮಗುವನ್ನು ಮೊದಲ ಸಲ ಬಿಸಿಲಿಗೆ ಹಿಡಿದಾಗ ನಾನೂ ಇದ್ದೆ. ಅಂಗೈಯಗಲದ ನೆರಳು, ತಲೆ ಮೇಲೆ ಏನೆಂದರೆ ಏನೂ ಇಲ್ಲ. ವಕೀಲರು ಅಲ್ಲೇ ಜಗಲಿ ಮೇಲೆ ಕೂತು ಅತ್ತುಬಿಟ್ಟರು. ‘ಗೂಡುಬೀದಿ ನನ್ನ ಜೊತೆಗೇ ಮುಗೀತು ತಾಯಕ್ಕ’ ಅಂದರು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆ ನಿರುಪಮಾಳಿಗೆ ಬಿಸಿಲುಬೀದಿಯ ಪಡಸಾಲೆ ಮನೆಯಿಂದ ಸಂಬಂಧ ಬಂತು. ಹುಡುಗ ಅವಳ ಜೊತೆ ಓದಿದವನು, ಅವನೇ ಮನೆಯಲ್ಲಿ ಹಟ ಹಿಡಿದಿದ್ದನಂತೆ. ಅವನ ತಂದೆ ಸೋಮಣ್ಣನವರು ಒಳ್ಳೇ ಮಾತಿನ ಮನುಷ್ಯ. ‘ಹುಡುಗಿ ಬರಿತಲೆ ಅಂತ ಕೇಳಿದ್ದೀವಿ, ಶಾಸ್ತ್ರಕ್ಕೆ ಒಂದು ಸಲ ಬಂದು ಹೋಗ್ತೀವಿ’ ಅಂತ ಹೇಳಿಕಳಿಸಿದರು. ವಕೀಲರಿಗೆ ಆವತ್ತಿನಿಂದ ನಿದ್ದೆ ಇಲ್ಲ. ಬಿಸಿಲುಬೀದಿಯಲ್ಲಿ ಮಗಳು ಕೊಡೆಯಿಲ್ಲದೆ ನಡೆಯೋದನ್ನು ಕಣ್ಣಾರೆ ನೋಡಿದರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಅಂತ ನನ್ನ ಅಂಗಡಿಗೆ ಬಂದು ಹೇಳಿದರು. ಕೊಡೆಗೆ ಹೊಸ ಬಟ್ಟೆ ಹಾಕಿಸಿದರು. ಶಾಸ್ತ್ರದ ಹೊತ್ತಿಗೆ ಕೊಡೆ ಹಿಡಿಯೋಕೆ ನಾನೇ ಬರಬೇಕು ಅಂದರು. ಬಿಸಿಲು ಜಾರಿದ ಹಾಗೆ ಕೊಡೆ ವಾಲಿಸೋದು ಎಲ್ಲರ ಕೈಲಾಗೋ ಕೆಲಸ ಅಲ್ಲ.

ಶಾಸ್ತ್ರ ಹೀಗೆ. ಹುಡುಗಿಯ ಅಪ್ಪ ಕೊಡೆಯಡಿ ನಿಲ್ಲಬಹುದು, ಅದನ್ನು ಕಂಡೂ ಕಾಣದ ಹಾಗೆ ಇರೋದು ಗಂಡಿನ ಕಡೆಯವರ ದೊಡ್ಡತನ. ಆದರೆ ಹುಡುಗಿ ಮನೆಯ ಹಿರಿಯರೊಬ್ಬರು ಕೊಡೆ ಇಲ್ಲದೆ ಅವಳ ಪಕ್ಕ ನಿಂತು ತಲೆ ಮೇಲೆ ಕೈಯಿಡಬೇಕು. ಪದ್ಮಾಕ್ಷಿಯ ಅಪ್ಪ ಬರೋದು ಅಂತ ಮಾತಾಗಿತ್ತು. ಅವರದು ಬಿಂದಿಗೆ ನೆರಳು, ಸ್ವಂತ ಮನೆ ನೀರು, ನಡೆಯುತ್ತೆ ಅಂತ ಸೋಮಣ್ಣನವರೇ ಒಪ್ಪಿದ್ದರು. ಆವತ್ತು ಬೆಳಗ್ಗೆ ಆ ಪುಣ್ಯಾತ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಹಿಡಿದುಕೊಂಡು ಮಲಗಿಬಿಟ್ಟರು. ಸುದ್ದಿ ಬರೋ ಹೊತ್ತಿಗೆ ಬೋಂಡಾ ಹಿಟ್ಟು ಕಲಸಿ ಆಗಿತ್ತು.

ಬಿಸಿಲು ಇಳಿಯೋ ಹೊತ್ತಿಗೆ ನಾನು ಹೋದಾಗ ವಕೀಲರು ಅಂಗಳದ ಹೊಂಗೆ ಮರದಡಿ ಅತ್ತಿಂದಿತ್ತ ಓಡಾಡುತ್ತಿದ್ದರು. ಗೋಡೆಗೆ ಹೊಸ ಸುಣ್ಣ ಬಳಿದು ಕಣ್ಣು ಕೋರೈಸುತ್ತಿತ್ತು. ‘ಯಾರಾದರೂ ಒಬ್ಬ ಹಿರಿಯರು ಸಿಗ್ತಾರಾ ತಾಯಕ್ಕ, ದೂರದ ಸಂಬಂಧ ಅಂತ ಹೇಳ್ತೀನಿ’ ಅಂದರು. ‘ಇಷ್ಟು ಹೊತ್ತಲ್ಲಿ ಬರಿತಲೆಯವರನ್ನ ಎಲ್ಲಿಂದ ತರ್ಲಿ ವಕೀಲರೇ, ನಾನು ಮಾರೋದು ಕೊಡೆ’ ಅಂದೆ. ಬಿಸಿಲಲ್ಲಿ ನಡೆದು ಬಂದಿದ್ದೆ, ಗಂಟಲು ಒಣಗಿತ್ತು. ಒಳಗೆ ಕೂಗಿ ನೀರು ಕೇಳಿದೆ. ಪದ್ಮಾಕ್ಷಿ ಮಗಳಿಗೆ ಸೀರೆ ಉಡಿಸುತ್ತಿದ್ದಳು, ಕೇಳಿಸಲಿಲ್ಲವೇನೋ. ಕೇಳಿಸಿದ್ದು ಹಿತ್ತಲಲ್ಲಿದ್ದ ದ್ಯಾವಮ್ಮನಿಗೆ. ಮನೆಯ ಪಕ್ಕದ ಓಣಿಯಿಂದ ಕೈಯಲ್ಲಿ ತಂಬಿಗೆ ಹಿಡಿದು ಮುಂದಿನ ಅಂಗಳಕ್ಕೆ ಬಂದುಬಿಟ್ಟರು.

‘ಅಮ್ಮ, ಒಳಗೆ ಹೋಗು’ ಅಂತ ವಕೀಲರು ಬಾಯಿ ತೆರೆದವರು ಹಾಗೇ ನಿಂತರು. ನಾನೂ ಗೋಡೆ ನೋಡಿದೆ. ಬಾಗಿದ ಬೆನ್ನು, ಕೈಯಲ್ಲಿ ತಂಬಿಗೆ, ತುರುಬು. ತುರುಬಿನ ಮೇಲೆ ಏನೂ ಇಲ್ಲ. ಸುಣ್ಣದ ಗೋಡೆ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಕೆದರಿದ ಒಂದು ಕೂದಲೆಳೆಯೂ ಲೆಕ್ಕಕ್ಕೆ ಸಿಗುತ್ತಿತ್ತು.

ವಕೀಲರ ಮುಖ ಅರಳಿದ್ದನ್ನು ನಾನು ನೋಡಬಾರದಿತ್ತು. ಓಡಿಹೋಗಿ ಅಮ್ಮನ ಎರಡೂ ತೋಳು ಹಿಡಿದುಕೊಂಡರು. ಎಷ್ಟು ವರ್ಷ ಆಗಿತ್ತೋ ಆ ತೋಳು ಮುಟ್ಟಿ. ‘ಅಮ್ಮ, ನಿಂದು ಬರಿತಲೆ. ಬರಿತಲೆ ಅಮ್ಮ ನಿಂದು. ಯಾಕಮ್ಮ ನಂಗೆ ಹೇಳಲಿಲ್ಲ? ಹೇಳಿದ್ರೆ ನಿನ್ನ ಮುಂದಿನ ಕೋಣೆಯಲ್ಲೇ ಇಟ್ಕೋತಿದ್ದೆ.’

ಮಾತು ಬಾಯಿಂದ ಜಾರಿದ ಮೇಲೆ ಅವರಿಗೂ ಕೇಳಿಸಿತು ಅಂತ ಕಾಣುತ್ತೆ. ಕಿವಿ ತುದಿ ಕೆಂಪಾಯಿತು. ನನಗಂತೂ ಅವರ ಬದಲು ನಾಚಿಕೆಯಾಗಿ ತಂಬಿಗೆ ಇಸಿದುಕೊಂಡು ಆ ಕಡೆ ತಿರುಗಿ ನೀರು ಕುಡಿದೆ. ದ್ಯಾವಮ್ಮ ಕೋಪ ಮಾಡಿಕೊಳ್ಳಲಿಲ್ಲ. ‘ಏನಂತ ಹೇಳ್ಬೇಕಿತ್ತು ಮಾದಪ್ಪ’ ಅಂದರು. ‘ನಾನು ಬುಟ್ಟಿಯೋಳಲ್ಲ ಅಂತನಾ? ಹೊತ್ತಿದೀನಲ್ಲ.’

ಅಷ್ಟರಲ್ಲಿ ಒಳಗಿಂದ ಬಂದ ಪದ್ಮಾಕ್ಷಿ ಗೋಡೆ ನೋಡಿದಳು, ಅತ್ತೆಯನ್ನು ನೋಡಿದಳು, ತನ್ನ ಮದುವೆಯ ಜರಿ ಸೀರೆ ತೆಗೆಯೋಕೆ ಹೋದಳು. ದ್ಯಾವಮ್ಮ ಮೊದಲು ಒಲ್ಲೆ ಅಂದರು. ಆಮೇಲೆ ನಿರುಪಮಾ ಬಂದು ಕೈ ಹಿಡಿದು ‘ನೀನೇ ನಿಂತ್ಕೋ ಅಜ್ಜಿ, ನಂಗೆ ಮೊದಲಿನಿಂದಲೂ ನೀನೇ ಬೇಕಿತ್ತು’ ಅಂದಾಗ ಒಪ್ಪಿದರು. ಆ ಹುಡುಗಿ ಸುಳ್ಳು ಹೇಳಲಿಲ್ಲ. ಶಾಲೆಯಿಂದ ಬಂದವಳು ದಿನಾ ಹಿತ್ತಲ ಕೋಣೆಯಲ್ಲೇ ಕೂತು ತಿಂಡಿ ತಿನ್ನೋಳು.

ಸೋಮಣ್ಣನವರು, ಅವರ ಹೆಂಡತಿ, ಹುಡುಗ ಬಂದರು. ಬೆಂಚಿನ ಮೇಲೆ ಪಡುವಣಕ್ಕೆ ಬೆನ್ನು ಮಾಡಿ ಕೂತರು. ನಾನು ವಕೀಲರ ಹಿಂದೆ ನಿಂತು ಕೊಡೆ ಬಿಚ್ಚಿ ವಾಲಿಸಿದೆ. ಗೋಡೆ ಮೇಲೆ ಅವರ ಭುಜದಿಂದ ಮೇಲಕ್ಕೆ ದುಂಡಗೆ ಕಪ್ಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನನ್ನ ಸೌದೆ ಹೊರೆ ಇತ್ತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ನಿರುಪಮಾ ಬಂದು ನಿಂತಳು, ಬರಿತಲೆ. ದ್ಯಾವಮ್ಮ ಜರಿ ಸೀರೆಯಲ್ಲಿ ಬಂದು ಮೊಮ್ಮಗಳ ತಲೆ ಮೇಲೆ ಕೈಯಿಟ್ಟರು, ಬರಿತಲೆ. ಸೋಮಣ್ಣನವರು ಬೆಂಚಿನಿಂದ ಅರ್ಧ ಎದ್ದರು.

‘ಇದನ್ನ ಯಾರೂ ನಮಗೆ ಹೇಳಿರಲಿಲ್ಲವಲ್ಲ ವಕೀಲರೇ. ತಾಯಿಯವರು ಯಾರ ಮನೆ ಹೆಣ್ಣುಮಗಳು?’

ವಕೀಲರು ಒಂದು ಗಳಿಗೆ ತಡೆದರು. ಕೋರ್ಟಿನಲ್ಲಿ ತಡೆಯುವವರಲ್ಲ. ಆಮೇಲೆ ಅದೇ ಗಟ್ಟಿ ಗಂಟಲಲ್ಲಿ ‘ನಿಮ್ಮ ಬೀದಿಯ ಕಡೆಯವರೇ. ತವರು ಈಗ ಉಳಿದಿಲ್ಲ. ನಡುವೆ ಒಂದಷ್ಟು ದಿನ ಕಷ್ಟ ಬಂತು, ಆಗ ಹುಟ್ಟಿದವನು ನಾನು. ಹಾಗಾಗಿ ನನ್ನೊಬ್ಬನಿಗೆ...’ ಅಂತ ಕೊಡೆಯ ಕಡೆ ಕೈ ತೋರಿಸಿ ನಕ್ಕರು. ಸೋಮಣ್ಣನವರೂ ಅರ್ಥವಾಯಿತು ಅನ್ನೋ ಹಾಗೆ ನಕ್ಕರು. ಒಂದು ನಗುವಿನಲ್ಲಿ ಗೂಡುಬೀದಿಯನ್ನೇ ಗುಡಿಸಿ ಆಚೆ ಹಾಕಿದ ಹಾಗಾಯಿತು.

ನಿರುಪಮಾಳ ತಲೆ ಮೇಲಿನ ಕೈ ಕೆಳಗೆ ಬಂತು. ‘ಇಲ್ಲ ಸ್ವಾಮಿ’ ಅಂದರು ದ್ಯಾವಮ್ಮ. ದನಿ ಏರಿಸಲಿಲ್ಲ. ‘ನಾನು ಗೂಡುಬೀದಿಯೋಳೇ, ನಮ್ಮಮ್ಮನೂ ಅಲ್ಲಿಯೋಳೇ. ನಾನು ಹೊಟ್ಟೇಲಿದ್ದಾಗ ಅವ್ಳಿಗೆ ಕಾಲು ಊದಿ ಎದ್ದು ನಿಲ್ಲೋಕಾಗ್ತಿರಲಿಲ್ಲವಂತೆ. ಕೆಲ್ಸಕ್ಕೆ ಬರದೆ ಹೋದ್ರೆ ಗೂಡಿನೋರು ಗುಡಿಸ್ಲು ಬಿಡಿಸ್ತಾರೆ. ಅದಕ್ಕೆ ಬೀದಿ ಹೆಂಗಸ್ರು ಅವ್ಳ ಪಾಲಿನ ಬುಟ್ಟಿ ಹಂಚ್ಕೊಂಡು ಹೊತ್ರು. ಸಣ್ಣತಾಯಿ, ಮರಿಯಕ್ಕ, ಕುಳ್ಳಿ ನಿಂಗಿ. ನಿಂಗಿನೂ ಆಗ ಬಸುರಿ. ಅವ್ಳ ಮಗನ ನೆರಳಿಗೆ ಎರಡು ಬುಟ್ಟಿ, ಒಂದ್ರ ಮೇಲೊಂದು. ಸಾಯೋವರ್ಗೂ ಎಲ್ರೂ ಅವನನ್ನ ನೋಡಿ ನಗೋರು. ಒಂದು ಬುಟ್ಟಿ ನಂದು ಅಂತ ನಂಗೆ ಗೊತ್ತಿತ್ತು.’

ನಿರುಪಮಾ ‘ಹಂಗಾದ್ರೆ ನಂದು?’ ಅಂತ ಮೆಲ್ಲಗೆ ಕೇಳಿದಳು.

‘ನಿಂದೇನು ಮಗಾ. ನೀನು ಹೊಟ್ಟೇಲಿದ್ದಾಗ ನಿಮ್ಮಮ್ಮ ಮಲಗಿದ್ಲು. ಆಗ ಈ ಬೀದಿಗೆ ನಲ್ಲಿ ಇರಲಿಲ್ಲ. ಕೆರೆಯಿಂದ ನೀರು ನಾನು ತರ್ತಿದ್ದೆ, ಬೆಳಕು ಹರಿಯೋಕೆ ಮುಂಚೆ, ಯಾರೂ ನೋಡದ ಹಾಗೆ. ಮಾದಪ್ಪನೇ ಹಂಗೆ ತರ್ಬೇಕು ಅಂದಿದ್ದ.’ ಆಮೇಲೆ ಸೋಮಣ್ಣನವರ ಕಡೆ ತಿರುಗಿ, ‘ತಲೆ ಬರಿದಾಗಿದ್ರೆ ಯಾರೋ ಹೊತ್ತವ್ರೆ ಸ್ವಾಮಿ. ಇಷ್ಟೇ ನಂಗೆ ಗೊತ್ತಿರೋದು’ ಅಂದರು.

ಸೋಮಣ್ಣನವರು ತಮ್ಮ ಕಾಲ ಮುಂದೆ ಉದ್ದಕ್ಕೆ ಬಿದ್ದಿದ್ದ ನೆರಳನ್ನು ಒಂದು ಸಲ ನೋಡಿದರು. ಶಲ್ಯ ಸರಿಮಾಡಿಕೊಂಡು ‘ಆಗಲಿ, ಹೇಳಿಕಳಿಸ್ತೀವಿ’ ಅಂತ ಎದ್ದರು. ಕಾಫಿ ಲೋಟ ಹಾಗೇ ಉಳಿಯಿತು. ಹುಡುಗ ಗೇಟಿನ ಹತ್ತಿರ ನಿಂತು ತಿರುಗಿ ನೋಡಿದ, ಅವನಮ್ಮ ಮೊಳಕೈ ಹಿಡಿದು ಕರೆದುಕೊಂಡು ಹೋದರು. ಈಗಲೇ ಹೇಳಿಬಿಡುತ್ತೇನೆ, ಆ ಮನೆಯಿಂದ ಆಮೇಲೆ ಯಾರೂ ಹೇಳಿಕಳಿಸಲಿಲ್ಲ.

ವಕೀಲರು ಇದ್ದಲ್ಲೇ ಇದ್ದರು. ಕೊಡೆಯ ಹಿಡಿಕೆ ನನ್ನ ಕೈಯಲ್ಲಿದ್ದರೂ ಅವರೂ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ದ್ಯಾವಮ್ಮ ಹತ್ತಿರ ಬಂದು ‘ಕೊಡೆ ಮಡಚು ತಾಯಕ್ಕ’ ಅಂದರು. ನಾನು ವಕೀಲರ ಮುಖ ನೋಡಿದೆ. ಅವರು ಕೈ ಸಡಿಲ ಬಿಟ್ಟರು. ಮಡಚಿದೆ. ಗೋಡೆ ಮೇಲೆ ಬುಟ್ಟಿ ಬಂದು ನಿಂತಿತು. ಅಂಚಿನ ಮೇಲೆ ಪೇರಿಸಿದ ಇಟ್ಟಿಗೆಯ ಮೂಲೆಗಳೂ ಕಾಣುತ್ತಿದ್ದವು.

ದ್ಯಾವಮ್ಮ ತುಂಬ ಹೊತ್ತು ಅದನ್ನೇ ನೋಡಿದರು. ಮಗ ದೊಡ್ಡವನಾದ ಮೇಲೆ ಅವರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಅವರಿಗೂ ಕಾಣದ ಹಾಗೆ ಕೊಡೆ ಹಿಡಿದವಳು ನಾನೇ ತಾನೆ. ‘ನಾನು ಇಷ್ಟೊಂದು ಪೇರಿಸ್ಕೊಂಡಿದ್ನಾ’ ಅಂದರು. ಅವರ ಮುಖದಲ್ಲಿದ್ದದ್ದೂ ನಾಚಿಕೆಯೇ. ‘ಭಾರ ಆಯ್ತೇನೋ ಮಗಾ ನಿಂಗೆ. ಎರಡಿಟ್ಟಿಗೆ ಕಮ್ಮಿ ಹೊರಬೋದಿತ್ತು. ಆಗ ತಿಳೀಲಿಲ್ಲ.’

ಹಾಗಂದವರು ಎರಡೂ ಕೈ ಮೇಲೆತ್ತಿದರು. ಗೂಡಿನ ಹೆಂಗಸರು ಒಬ್ಬರ ಹೊರೆ ಒಬ್ಬರು ಇಳಿಸೋಕೆ ಕೈ ಕೊಡುತ್ತಾರಲ್ಲ, ಹಾಗೆ. ಗೋಡೆ ಮೇಲೆ ಅವರ ಕೈ ಬುಟ್ಟಿಯ ಅಂಚಿಗೆ ಸರಿಯಾಗಿ ಹೋಗಿ ಸೇರಿತು. ಕರಿ ಕೋಟು ಹಾಕಿಕೊಂಡಿದ್ದ ವಕೀಲರು, ಬದುಕಿನಲ್ಲಿ ಒಂದು ಬುಟ್ಟಿಯನ್ನೂ ಹೊರದವರು, ಹೊರೆ ಇಳಿಸುವವರು ಬಗ್ಗುವ ಹಾಗೆ ಮಂಡಿ ಸ್ವಲ್ಪ ಬಗ್ಗಿಸಿ ಕತ್ತು ನೆಟ್ಟಗೆ ಹಿಡಿದರು. ಯಾರು ಕಲಿಸಿದ್ದೋ. ಬುಟ್ಟಿ ಇಳಿಯಲಿಲ್ಲ, ಅದು ಇಳಿಯೋದಲ್ಲ. ಆದರೂ ದ್ಯಾವಮ್ಮ ತೋಳು ನಡುಗೋ ತನಕ ಕೈ ಎತ್ತಿಕೊಂಡೇ ಇದ್ದರು, ವಕೀಲರೂ ಬಗ್ಗಿಕೊಂಡೇ ಇದ್ದರು.

ಕೈ ಇಳಿಸಿದ ಮೇಲೆ ವಕೀಲರು ‘ಅಮ್ಮ, ನಡಿ, ಇವತ್ತಿಂದ ಮುಂದಿನ ಕೋಣೇಲಿ ಮಲಗು’ ಅಂದರು.

ದ್ಯಾವಮ್ಮ ಜರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಕೇಳಿದರು. ‘ಬರಿತಲೆ ಅಂತ ಗೊತ್ತಾಯ್ತಲ್ಲ, ಅದಕ್ಕಾ?’

ಚುಚ್ಚೋಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ್ದು. ಅದೇ ಕಷ್ಟ. ಅಲ್ಲ ಅಂತ ವಕೀಲರು ಹೇಳಬಹುದಿತ್ತು, ಆದರೆ ನಂಬೋದು ಹೇಗೆ, ಅಮ್ಮ ಬಿಡಿ, ಅವರಾದರೂ ತಮ್ಮನ್ನು ತಾವು ನಂಬೋದು ಹೇಗೆ. ನಿನ್ನೆ ಕರೆದಿದ್ದರೆ ಬೇರೆ ಮಾತು. ನಿನ್ನೆ ಮುಗಿದುಹೋಗಿತ್ತು. ಇನ್ನು ಯಾವ ಕೋಣೆಯಲ್ಲಿ ಮಲಗಿಸಿದರೂ, ಯಾವ ಸೀರೆ ಉಡಿಸಿದರೂ ಅಮ್ಮನ ಆ ಪ್ರಶ್ನೆ ಅಲ್ಲೇ ಇರುತ್ತೆ. ಅದು ಅವರಿಗೆ ತಿಳಿಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

‘ನಂಗೆ ಆ ಕೋಣೆಯೇ ರೂಢಿ ಕಣಪ್ಪ’ ಅಂತ ದ್ಯಾವಮ್ಮ ಓಣಿಯ ಕಡೆ ಹೊರಟರು. ನಿರುಪಮಾ ಜೊತೆಗೆ ಹೋದಳು. ವಕೀಲರು ನಿಂತರು, ನನ್ನನ್ನು ನೋಡಿದರು, ನನ್ನ ಕಂಕುಳಲ್ಲಿದ್ದ ಕೊಡೆಯನ್ನು ನೋಡಿದರು, ಕೇಳಲಿಲ್ಲ. ಅಮ್ಮನ ಹಿಂದೆ ನಡೆದರು. ಬುಟ್ಟಿ ಗೋಡೆಯುದ್ದಕ್ಕೂ ಅವರ ಜೊತೆ ಹೋಯಿತು. ನಾನೂ ತಂಬಿಗೆ ಕೊಟ್ಟುಬರೋ ನೆಪದಲ್ಲಿ ಹಿಂದೆ ಹೋದೆ.

ಹಿತ್ತಲ ಕೋಣೆಯ ಬಾಗಿಲು ತೀರಾ ತಗ್ಗು. ದ್ಯಾವಮ್ಮನೂ ನಿರುಪಮಾಳೂ ನೋಡದೆಯೇ ಬಗ್ಗಿ ಒಳಗೆ ಹೋದರು. ವಕೀಲರು ನೆಟ್ಟಗೆ ನಡೆದುಹೋಗಿ ಬಾಗಿಲ ಮೇಲಿನ ಪಟ್ಟಿಗೆ ಹಣೆ ಹೊಡೆಸಿಕೊಂಡರು. ತಮ್ಮದೇ ಮನೆ, ತಾವೇ ಕಟ್ಟಿಸಿದ ಬಾಗಿಲು. ಹಣೆ ಹಿಡಿದುಕೊಂಡು ಹೊಸ್ತಿಲ ಆಚೆಯೇ ನಿಂತುಬಿಟ್ಟರು. ಒಳಗಿನ ಕತ್ತಲಿಂದ ದ್ಯಾವಮ್ಮನ ದನಿ ಬಂತು.

‘ಬಗ್ಗಿ ಬಾರಪ್ಪ. ನಿಂಗೆ ಗೊತ್ತಿಲ್ಲ, ಬಾಗಿಲು ತಗ್ಗು.’